ಮಲ್ಲಿನ ಸೀರೆ ಉಡಿಸೋರು ಯಾರು

ಹೊನ್ನಾಳಿ
4 ನವೆಂಬರ್ 2024

ಪ್ರೇಮಾ,

ಬರೆದು ಕಳಿಸು ಅಂದ್ಯಲ್ಲ, ತಗೋ. ದೀಪಾವಳಿ ದಿನ ಫೋನಿನಾಗೆ ಏನಂದೆ ನೀನು? "ಅಕ್ಕಾ, ನೀನು ಇವತ್ತೊಂದು ಅಂತೀಯ, ನಾಳೆ ನಾನು ಅಂದೇ ಇಲ್ಲ ಅಂತೀಯ. ಏನು ಹೇಳೋದಿದ್ರೂ ಕಾಗದದ ಮೇಲೆ ಬರಿ." ಅಂದು ಪಟ್ ಅಂತ ಇಟ್ಟೆ. ಹಬ್ಬದ ದಿನ. ನನ್ನ ಕೈಯಾಗೆ ಇನ್ನೂ ಹೋಳಿಗೆ ಹಿಟ್ಟಿತ್ತು.

ಎಪ್ಪತ್ತೆರಡು ವರ್ಷದೋಳ ಕೈಗೆ ಪೆನ್ನು ಕೊಡಿಸಿದೀಯ. ನಾನು ನಾಕನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋಳು. ಯಾಕೆ ಬಿಟ್ಟೆ ಅಂತ ಮರೆತಿದ್ರೆ ಹೇಳ್ತೀನಿ, ನಿನ್ನನ್ನ ಸೊಂಟದ ಮೇಲೆ ಹೊರಾಕೆ. ನೀನು ಎಸ್ಸೆಸ್ಸೆಲ್ಸಿ ಪಾಸಾದೆ, ನಾನು ನಿನ್ನ ಮೂಗು ಒರೆಸೋದರಾಗೆ ಪಾಸಾದೆ. ಈಗ ನನಗೇ ಬರಿ ಅಂತೀಯ. ಪೋಸ್ಟಾಫೀಸಿನಾಗೆ ಇನ್‌ಲ್ಯಾಂಡ್ ಕೇಳಿದ್ರೆ ಆ ಹುಡುಗಿ "ಅಜ್ಜಿ, ವಾಟ್ಸಪ್ ಇಲ್ವಾ?" ಅಂತ ನಕ್ಕಳು. "ವಾಟ್ಸಪ್ ಐತೆ ಕಣವ್ವ, ತಂಗಿ ಇಲ್ಲ" ಅಂದೆ.

ವಿಷಯಕ್ಕೆ ಬರ್ತೀನಿ. ನನ್ನ ಮೊಮ್ಮಗಳು, ನಮ್ಮ ನಿಂಗರಾಜನ ಮಗಳು ಪವಿತ್ರನ ಮದುವೆ ಗೊತ್ತಾಗೈತೆ. ಹುಡುಗ ನ್ಯಾಮತಿಯೋನು, ಮಾಲತೇಶ ಅಂತ, ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಾನೆ. ಮಾತು ಕಮ್ಮಿ. ಕೈ ಯಾವಾಗಲೂ ಗ್ರೀಸು. ಅವನಿಗೆ ಇದು ಮೊದಲನೇದು, ಇವಳಿಗೆ ಎರಡನೇದು. ಮೊದಲನೆಯೋನು ಬೈಕ್ ಆಕ್ಸಿಡೆಂಟಿನಾಗೆ ಹೋಗಿ ಮೂರು ವರ್ಷಾತು. ಆಸ್ಪತ್ರೆ ಲ್ಯಾಬಿನಾಗೆ ಊರೋರ ರಕ್ತ ತೆಗೀತಾ ಕೂತಿದ್ದ ಹುಡುಗಿ ಈಗ ಮನೇಲಿ ಜೋರಾಗಿ ನಗ್ತಾಳೆ. ಅಷ್ಟು ಸಾಕು ನನಗೆ.

ನನಗೆ ಬೇಕಾಗಿರೋದು ಅಜ್ಜಮ್ಮ ಕಸೂತಿ ಹಾಕಿದ ಮಲ್ಲಿನ ಸೀರೆ. ನಮ್ಮ ಅವ್ವ ಉಟ್ಟಿದ್ದು, ನಾನು ಉಟ್ಟಿದ್ದು, ನೀನು ಉಟ್ಟಿದ್ದು, ಪವಿತ್ರ ಉಟ್ಟಿದ್ದು. ಮನೆ ಹೆಣ್ಣುಮಕ್ಕಳಿಗೆ ಮಾತ್ರ, ಸೊಸೆಯಂದಿರಿಗಲ್ಲ. ಕೊನೇಗೆ ಯಾರು ಉಟ್ರೋ ಅವರ ಹತ್ರ ಇರಬೇಕು, ಮುಂದಿನ ಮದುವೆ ಬರೋತನಕ. ಇದು ನಾನು ಮಾಡಿದ ನಿಯಮ ಅಲ್ಲ. ಹಂಗಾದ್ರೆ ಅದು ಪವಿತ್ರನ ಹತ್ರ ಇರಬೇಕಿತ್ತು. ಇತ್ತು. ನನ್ನ ಟ್ರಂಕಿನಾಗೆ ಇಟ್ಟಿದ್ಲು. ಅವಳ ಗಂಡನ ಹನ್ನೊಂದನೇ ದಿನದ ಊಟಕ್ಕೆ ಬಂದೋಳು ನೀನು, ಉಂಡು, ಅತ್ತು, ಬಸ್ಸಿಗೆ ಹೊರಡುವಾಗ ಕಂಕುಳಾಗೆ ಸೀರೆ ಇಟ್ಕೊಂಡು ಹೋದೆ. "ಇಂಥ ಮನೇಲಿ ಈ ಸೀರೆ ಇರಬಾರದು ಅಕ್ಕಾ" ಅಂದೆ. ಅವತ್ತು ನಾನು ಬಾಯಿ ಬಿಡಲಿಲ್ಲ. ಹುಡುಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ಲು. ಅವತ್ತು ಬಿಡಲಿಲ್ಲ ಅಂತ ಇವತ್ತೂ ಬಿಡಲ್ಲ ಅಂದ್ಕೋಬೇಡ.

ಮದುವೆ ಫೆಬ್ರವರಿ ಹದಿನಾರು, ಭಾನುವಾರ, ನಮ್ಮ ಮನೆ ಮುಂದೆ, ಹಂದರ ಹಾಕಿ, ಹಗಲು ಹೊತ್ತು. ಸೀರೆ ತಗೊಂಡು ಹಿಂದಿನ ದಿನ ಬಾ. ಆ ಸೀರೆ ಉಟ್ಟು ಮದುವೆಯಾದ ಮುತ್ತೈದೆ ಉಡಿಸಬೇಕು. ಈಗ ಉಳಿದಿರೋ ಮುತ್ತೈದೆ ನೀನೊಬ್ಬಳೇ. ಹೋದ ಸಲನೂ ನೀನೇ ಉಡಿಸಿದ್ದು.

ಬರೆದಾತು. ಬೆರಳು ನೋಯ್ತಾವೆ.

ನಿನ್ನ ಅಕ್ಕ
ಸಾವಂತ್ರಮ್ಮ


ಜಗಳೂರು
18 ನವೆಂಬರ್ 2024

ಪ್ರೀತಿಯ ಅಕ್ಕನಿಗೆ ಪ್ರೇಮಾ ಮಾಡುವ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ನಿನ್ನ ಕಾಗದ ತಲುಪಿತು. ಪವಿತ್ರನಿಗೆ ಒಂದು ನೆಲೆ ಸಿಕ್ಕಿತು ಅಂತ ಓದಿ ನನಗೂ ಇವರಿಗೂ ಬಹಳ ಸಂತೋಷವಾಯಿತು. ನಮ್ಮ ರೇಣುಕಪ್ರಸಾದ್ ಕೂಡ, ಒಳ್ಳೇದಾಯ್ತು ಬಿಡಮ್ಮ, ಅಂದ.

ಸೀರೆ ವಿಷಯ. ನೀನು ಕೋಪ ಮಾಡ್ಕೋಬಾರದು ಅಕ್ಕಾ. ನಮ್ಮ ಹಿರಿಯರು ಧಾರೆ ಬೇರೆ, ಉಡಿಕೆ ಬೇರೆ ಅಂತ ಇಟ್ಟಿದ್ದಾರೆ. ಗಂಡ ಕಳಕೊಂಡೋಳಿಗೆ ಎರಡನೇ ಸಲ ಸೀರೆ ಉಡಿಸಿ ಕಳಿಸೋದಕ್ಕೆ ಬೇಡ ಅನ್ನೋಳು ನಾನಲ್ಲ. ಆದರೆ ಅದಕ್ಕೆ ಅದರದ್ದೇ ಸೀರೆ ಇರುತ್ತೆ, ಅದರದ್ದೇ ರೀತಿ ಇರುತ್ತೆ. ಧಾರೆ ಸೀರೆ ಒಬ್ಬಳಿಗೆ ಒಂದೇ ಸಲ. ಪವಿತ್ರ ಒಂದು ಸಲ ಉಟ್ಟಾಯಿತು.

ಇನ್ನೊಂದು ಮಾತು. ನಮ್ಮ ರೇಣುಕಪ್ರಸಾದನ ಮಗಳು ರಮ್ಯಶ್ರೀಗೆ ಚನ್ನಗಿರಿಯಲ್ಲಿ ಸಂಬಂಧ ನೋಡಿದ್ದೀವಿ. ಅಡಿಕೆ ಮಂಡಿಯವರು, ದೊಡ್ಡ ಕುಳ, ಆಚಾರ ಜಾಸ್ತಿ. ವೈಶಾಖದಲ್ಲಿ ಆಗಬಹುದು. ಅವರ ಮನೆ ಹೆಂಗಸರಿಗೆ ನಮ್ಮ ಕಸೂತಿ ಸೀರೆ ಸುದ್ದಿ ಹೇಳಿ, ನಾಲ್ಕು ತಲೆಮಾರಿನದು ಅಂದರೆ ಕಣ್ಣರಳಿಸಿದರು. ಫೆಬ್ರವರಿಯಲ್ಲಿ ಉಡಿಕೆಗೆ ಉಡಿಸಿದ್ದನ್ನು ವೈಶಾಖದಲ್ಲಿ ನನ್ನ ಮೊಮ್ಮಗಳಿಗೆ ಹೇಗೆ ಉಡಿಸಲಿ? ನೀನೇ ಹೇಳು. ರಮ್ಯಳದು ಮುಗಿದ ಮೇಲೆ ಬೇಕಾದರೆ ಪವಿತ್ರ ತಗೊಂಡು ಇಟ್ಟುಕೊಳ್ಳಲಿ, ನಾನು ಬೇಡ ಅನ್ನಲ್ಲ.

ಬಿಪಿ ಮಾತ್ರೆ ತಪ್ಪಿಸಬೇಡ.

ಇಂತಿ ನಿನ್ನ ಪ್ರೀತಿಯ ತಂಗಿ
ಪ್ರೇಮಾ


ಹೊನ್ನಾಳಿ
23 ನವೆಂಬರ್ 2024

ಪ್ರೇಮಾ,

ನಿನ್ನ ಅಕ್ಷರ ಮುತ್ತಿನಂಗೆ ಐತೆ. ಒಳಗಿರೋದು ಹುಳಿ ಮಜ್ಜಿಗೆ.

ನೆಲೆ ಸಿಕ್ಕಿತು ಅಂತೆ. ಅವಳೇನು ಬೀದಿ ನಾಯಿನಾ ನೆಲೆ ಸಿಗಾಕೆ? ಸಂಬಳ ತರ್ತಾಳೆ. ಮದುವೆ ಅಂತ ಬರಿಯಾಕೆ ನಿನ್ನ ಪೆನ್ನಿಗೆ ಏನಾಗಿತ್ತು? ಕಾಗದ ಪೂರ್ತಿ ಹುಡುಕಿದೆ, ರಮ್ಯನದಕ್ಕೂ ಮದುವೆ ಅಂತ ಬರೆದಿಲ್ಲ ನೀನು, ಸಂಬಂಧ ಅಂತ ಬರೆದೀಯ, ಅದಿರಲಿ. ಪವಿತ್ರನದಕ್ಕೆ ಮಾತ್ರ ಉಡಿಕೆ, ಉಡಿಕೆ, ಉಡಿಕೆ.

ಹಿರಿಯರು ಅಂದ್ಯಲ್ಲ. ಯಾವ ಹಿರಿಯರು? ಆ ಸೀರೆ ಯಾರದು? ಅಜ್ಜಮ್ಮಂದು. ಅಜ್ಜಮ್ಮ ಯಾರು? ನಿನಗೆ ಗೊತ್ತಿಲ್ಲ ಅಂತ ನನ್ನ ಮುಂದೆ ಆಡಬೇಡ. ಅವ್ವ ನಮ್ಮಿಬ್ಬರನ್ನೂ ಕೂರಿಸ್ಕೊಂಡೇ ಹೇಳಿದ್ದು. ಹೇಳಿ, "ಹೆಣ್ಣು ಕೊಡೋ ಮನೇಲಿ ಇದನ್ನ ಆಡಬೇಡಿ" ಅಂದಿದ್ದೂ ನಿಜ. ಅವ್ವನ ತವರು ಉಬ್ರಾಣಿಯಾಗೆ ಅರವತ್ತು ದಾಟಿದ ಯಾರನ್ನ ಕೇಳಿದ್ರೂ ಹೇಳ್ತಾರೆ. ನೀನು ಮರೆತಿದ್ರೆ ನಾನು ಬರೀತೀನಿ. ಬರೀ ಅಂದೋಳು ನೀನೇ.

ಅಜ್ಜಮ್ಮ ರಾಣೆಬೆನ್ನೂರು ಕಡೆಯೋಳು. ಹದಿನೆಂಟಕ್ಕೆ ಗಂಡ ಪ್ಲೇಗಿನಾಗೆ ಸತ್ತ. ಉಬ್ರಾಣಿ ನಮ್ಮ ತಾತ ಅವಳನ್ನ ಉಡಿಕೆ ಮಾಡ್ಕೊಂಡು ಬಂದ. ಆಗ ಉಡಿಕೆ ಅಂದ್ರೆ ಹಂದರ ಇಲ್ಲ, ಓಲಗ ಇಲ್ಲ, ಬಾಸಿಂಗ ಇಲ್ಲ, ಅಕ್ಕಿಕಾಳು ಇಲ್ಲ. ಮುತ್ತೈದೇರು ಮುಖ ನೋಡಬಾರದು ಅಂತ ಒಳಗೆ ಅಗಳಿ ಹಾಕ್ಕೊಂಡು ಕೂತಿದ್ರು. ಹಿತ್ತಲಾಗೆ ಯಾವಳೋ ಗಂಡ ಸತ್ತ ಮುದುಕಿ ಒಂದು ಬಿಳೇ ಸೀರೆ ಅವಳ ಮೈಮೇಲೆ ಎಸೆದು ಹೋದ್ಲು. ಬಣ್ಣದ್ದು ಕೊಟ್ರೆ ಎಲ್ಲಿ ಮದುಮಗಳು ಆಗಿಬಿಡ್ತಾಳೋ ಅಂತ ಬಿಳೇದು. ಬರೀ ಮಲ್ಲು, ತೆಳ್ಳನೆ ಹತ್ತಿ ಬಟ್ಟೆ. ಒಂದು ಕಡ್ಡಿ ಅಂಚಿಲ್ಲ.

ಅದೇ ಸೀರೆ ಕಣೇ ಇದು!

ನಮ್ಮ ಸೀಮೆಯಾಗೆ ಎಲ್ಲರ ಧಾರೆ ಸೀರೆ ಹಸಿರು, ಹಳದಿ, ಕೆಂಪು ಇದ್ರೆ ನಮ್ಮನೇದು ಯಾಕೆ ಬಿಳೇದು ಅಂತ ಆ ಚನ್ನಗಿರಿಯೋರು ಕೇಳಲಿಲ್ವಾ? ಕಣ್ಣರಳಿಸಿದ್ರಂತೆ. ಅಜ್ಜಮ್ಮ ಅದನ್ನ ಮೂಲೆಗೆ ಹಾಕಲಿಲ್ಲ. ತವರು ಕಡೆ ಕಲಿತ ಕಸೂತಿ ಕೈಯಾಗಿತ್ತು. ಹೊಲದ ಕೆಲಸ ಮುಗಿಸಿ ಬಂದು ಕೂತು ಹೊಲಿದ್ಲು. ಕೆಂಪು, ಹಸಿರು, ಕರೀ ದಾರ. ಎಲ್ಲೂ ಗಂಟು ಹಾಕಂಗಿಲ್ಲ, ಒಳಗೂ ಹೊರಗೂ ಒಂದೇ ತರ ಕಾಣಬೇಕು, ಅಂಥ ಕೆಲಸ ಅದು. ಗೋಪುರ ಹೊಲಿದ್ಲು, ಆನೆ ಹೊಲಿದ್ಲು, ನಂದಿ ಹೊಲಿದ್ಲು. ಸೆರಗು ನೋಡಿದೀಯಲ್ಲ? ಸಾಲು ಸಾಲು ಬಾಸಿಂಗ. ತನಗೆ ಒಂದು ಕಟ್ಟಲಿಲ್ಲ ಅಂತ ಸೆರಗಿನ ತುಂಬ ತಾನೇ ಕಟ್ಕೊಂಡ್ಲು. ನೀನು ಅದೇ ಸೆರಗು ಹೊದ್ದು ಮುರುಗೇಶಪ್ಪನ ಪಕ್ಕ ಹಸೆಮಣೆ ಮೇಲೆ ಕೂತಿದ್ದೆ.

ಮಗಳು ಶಾಂತಾದೇವಿಗೆ, ಅಂದ್ರೆ ನಮ್ಮವ್ವಂಗೆ, ಆ ಸೀರೆನ ಹಂದರದ ಪಕ್ಕದ ಪಡಸಾಲೆಯಾಗೆ ಬಾಗಿಲು ತೆಗೆದಿಟ್ಟು, ಎಲ್ಲರ ಕಣ್ಣ ಮುಂದೆ ತನ್ನ ಕೈಯಾರ ಉಡಿಸಿದ್ಲು. ಯಾವನು ಬೇಡ ಅಂತಾನೆ ನೋಡ್ತೀನಿ ಅಂತ. ಯಾರೂ ಅನ್ನಲಿಲ್ಲ. ಹಂಗೆ ಆತು ಅದು ಧಾರೆ ಸೀರೆ. ಉಡಿಕೆಗೆ ಅಂತಾನೇ ಬಂದ ಸೀರೆ, ಉಡಿಕೆಯೋಳಿಗೆ ಆಗಲ್ಲ ಅಂತೀಯಲ್ಲ, ನಾಲಿಗೆ ಹೆಂಗೆ ಬಂತು ನಿನಗೆ?

ರಮ್ಯಂದು ಮುಗಿದ ಮೇಲೆ ಪವಿತ್ರ ಇಟ್ಕೊಬಹುದಂತೆ. ಉಂಡ ಎಲೆ ಕೊಡ್ತಾಳೆ ನೋಡ್ರಪ್ಪ.

ಮಾತ್ರೆ ತಿಂತಾ ಇದೀನಿ. ಬಿಪಿ ನಿನ್ನಿಂದ.

ಸಾವಂತ್ರಮ್ಮ


ಜಗಳೂರು
2 ಡಿಸೆಂಬರ್ 2024

ಅಕ್ಕಾ,

ಆ ಕಾಗದ ಒಲೆಗೆ ಹಾಕಿದ್ದೀನಿ. ಇನ್ನು ಮುಂದೆ ಅಂಥದ್ದನ್ನು ಬರೆದು ಕಳಿಸಬೇಡ, ನಿನಗೆ ಕೈ ಮುಗಿತೀನಿ. ಪೋಸ್ಟ್ ಬಂದಾಗ ರಮ್ಯ ಬಾಗಿಲಲ್ಲೇ ಇದ್ದಳು. ಚನ್ನಗಿರಿಯವರು ಇನ್ನೂ ಎಲೆ-ಅಡಿಕೆ ಶಾಸ್ತ್ರಕ್ಕೆ ದಿನ ಹೇಳಿಲ್ಲ. ಅವರ ಸಂಬಂಧಿಕರು ಇಲ್ಲೇ ಎರಡು ಬೀದಿ ಆಚೆ ಇದ್ದಾರೆ. ನಿನಗೆ ಏನು, ಹೊನ್ನಾಳಿಯಲ್ಲಿ ಕೂತು ಬರೀತೀಯ. ಇಲ್ಲಿ ತಲೆ ತಗ್ಗಿಸೋಳು ನಾನು.

ದಾವಣಗೆರೆಯಿಂದ ಪವಿತ್ರನಿಗೆ ಒಂದು ರೇಷ್ಮೆ ಸೀರೆ ತರಿಸಿದ್ದೀನಿ. ನೇರಳೆ ಬಣ್ಣ, ಒಳ್ಳೇ ಜರಿ. ರೇಣುಕಪ್ರಸಾದ್ ತಂದು ಕೊಡ್ತಾನೆ. ಪ್ರೀತಿಯಿಂದ ಕೊಡ್ತಿದ್ದೀನಿ, ಹಾಗೇ ತಗೋ. ಇಲ್ಲಿಗೆ ಮುಗಿಸೋಣ.

ಪ್ರೇಮಾ


ಹೊನ್ನಾಳಿ
19 ಡಿಸೆಂಬರ್ 2024

ಪ್ರೇಮಾ,

ಫೋನಿನಾಗೆ ಹೇಳಿದ್ರೆ ಬರಿ ಅಂತೀಯ. ಬರೆದ್ರೆ ಬರೀಬೇಡ ಅಂತೀಯ. ಇನ್ನು ಡಂಗುರ ಹೊಡೆಸೋದೊಂದು ಬಾಕಿ.

ರೇಣುಕಪ್ರಸಾದ ಬಂದಿದ್ದ. ಪಾಪ, ಅವನು ಕಾರಿನಿಂದ ಇಳಿಯುವಾಗಲೇ ಹೆದರಿದ್ದ. ರೇಷ್ಮೆ ಸೀರೆ ನೋಡಿದೆ. ಚೆನ್ನಾಗೈತೆ. ನೇರಳೆ ಹಣ್ಣು ಉಗಿದಂಗೈತೆ ಬಣ್ಣ. ಅವನಿಗೆ ಊಟ ಹಾಕಿ ಸೀರೆ ಅವನ ಕೈಯಾಗೇ ವಾಪಸ್ ಕಳಿಸಿದೀನಿ, ಬಂದಿರಬೇಕು. ಬಾಯಿ ಮುಚ್ಚಾಕೆ ಬಟ್ಟೆ ತುರುಕ್ತಾರೆ ಅಂತ ಕೇಳಿದ್ದೆ, ಇಷ್ಟು ದುಬಾರಿ ಬಟ್ಟೆ ಅಂತ ಗೊತ್ತಿರಲಿಲ್ಲ.

ಅವನು ಬಂದಿದ್ರಿಂದ ಪವಿತ್ರಂಗೆ ಎಲ್ಲ ಗೊತ್ತಾತು. ಅಲ್ಲಿಗಂಟ ಅವಳಿಗೆ ತಿಳೀದಂಗೆ ಬರೀತಿದ್ದೆ. ಡ್ಯೂಟಿ ಮುಗಿಸಿ ಬಂದೋಳು ಅವನ ಕಾರನ್ನ ಬಸ್ ಸ್ಟ್ಯಾಂಡ್ ತಿರುವಿನಾಗೆ ನೋಡಿ, ಒಳಗೆ ಬಂದು ನನ್ನ ಕೇಳಿದ್ಲು.

"ಏನಜ್ಜಿ, ಜಗಳೂರು ಜೊತೆ ಯುದ್ಧನಾ?"

"ನಿನ್ನ ಸೀರೆ ಕೇಳ್ದೆ."

"ನಂಗೆ ಬೇಡ ಅಂದಿದ್ನಲ್ಲ. ಮಾಲತೇಶ್ ರಿಜಿಸ್ಟರ್ ಆಫೀಸಿನಾಗೆ ಮಾಡ್ಕೊಳ್ಳೋಣ ಅಂತಾನೆ. ಅರ್ಧ ಗಂಟೆ ಕೆಲಸ."

"ಅರ್ಧ ಗಂಟೆಗೆ ಮೋಟರ್ ರಿಪೇರಿ ಮಾಡಲಿ ಅವನು. ನೀನು ಕದ್ದು ಓಡಿಹೋಗ್ತಿದೀಯಾ? ಮನೆ ಮುಂದೆ ಆಗಬೇಕು. ಬೀದಿಯೋರು ನೋಡಬೇಕು."

"ಯಾರಿಗೋಸ್ಕರ ಅಜ್ಜಿ? ನಂಗಾ, ನಿಂಗಾ?"

ನನಗೆ ರೇಗಿತು. ಏನೇನೋ ಬೈದೆ. ಅವಳು ನೀರು ಕುಡಿದು ಬಂದು ಪಕ್ಕದಾಗೆ ಕೂತ್ಲು. ಆಮೇಲೆ ಅವಳಾಗೇ ಹೇಳಿದ್ಲು, ನನಗೆ ಗೊತ್ತಿರಲಿಲ್ಲ ಇದು. ಅವತ್ತು ಹನ್ನೊಂದನೇ ದಿನ ಅವಳಿಗೆ ನಿದ್ದೆ ಬಂದಿರಲಿಲ್ಲ. ನೀನು ಟ್ರಂಕು ತೆಗೆದಿದ್ದು, ಸೀರೆ ತೆಗೆದಿದ್ದು, ನನಗೆ ಅಂದಿದ್ದು, ಎಲ್ಲ ಕೇಳಿಸ್ಕೊಂಡೇ ಗೋಡೆ ನೋಡ್ತಾ ಮಲಗಿದ್ಲು. "ಚಿಕ್ಕಜ್ಜಿ ಎತ್ಕೊಂಡು ಹೋದಾಗ, ಸತ್ತಿದ್ದು ಅವನಲ್ಲ ನಾನು ಅನ್ನಿಸ್ತು" ಅಂದ್ಲು. ಅಂದು, ಬೇಡ ಅಂತಿದ್ದೋಳು, "ಸಿಕ್ರೆ ಉಟ್ಕೊಂತೀನಿ" ಅಂದ್ಲು.

ಇದನ್ನ ನಿನಗೆ ಬರೀಬೇಡ ಅಂದಾಳೆ. ಬರೆದೀನಿ. ಈ ಕಾಗದಾನೂ ಒಲೆಗೆ ಹಾಕು, ಓದಿದ ಮೇಲೆ ಹಾಕು.

ಇನ್ನೊಂದು ಮಾತು ಕೇಳಿದ್ಲು. "ಚಿಕ್ಕಜ್ಜಿ ಬರದಿದ್ರೆ ನೀನೇ ಉಡಿಸು, ಏನಾಗ್ತೈತೆ?" ಅಂದ್ಲು. ನಾನು. ಗಂಡ ಸತ್ತು ಹದಿನಾರು ವರ್ಷ ಆಗಿರೋಳು. ಅವಳ ಮೊದಲನೇ ಮದುವೆ ದಿನ ನಾನು ಅಡಿಗೆಮನೆ ಬಾಗಿಲಾಗೆ ನಿಂತಿದ್ದೆ, ನೀನು ಉಡಿಸೋದು ನೋಡ್ತಾ. ಯಾರೂ ನಿಲ್ಲು ಅಂದಿರಲಿಲ್ಲ. ನಾನಾಗೇ ಹೋಗಿ ನಿಂತಿದ್ದೆ. ನೀನು ನೆರಿಗೆ ಹಿಡಿಯುವಾಗ ಒಂದು ಸಲ ಈ ಕಡೆ ನೋಡಿದೆ, ಆಮೇಲೆ ನೋಡಲಿಲ್ಲ.

ಉತ್ತರ ಬರಿ.

ಸಾವಂತ್ರಮ್ಮ


ಹೊನ್ನಾಳಿ
20 ಜನವರಿ 2025

ಪ್ರೇಮಾ,

ಸಂಕ್ರಾಂತಿ ಹೋತು. ಎಳ್ಳು ಇಲ್ಲ, ಬೆಲ್ಲ ಇಲ್ಲ, ಕಾಗದ ಇಲ್ಲ. ಹೋದ ವಾರ ಕಣ್ಣು ತೋರಿಸಾಕೆ ದಾವಣಗೆರೆಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಾಗೆ ನಿನ್ನ ಯಜಮಾನ್ರು ಮುರುಗೇಶಪ್ಪನೋರು ನನ್ನ ಕಂಡು ಕಂಬದ ಹಿಂದೆ ಸರಿದ್ರು. ಕಂಬ ಸಣ್ಣದು, ಅವರು ದಪ್ಪ. ಹೋಗಿ "ಏನ್ರೀ, ಆರಾಮಾ?" ಅಂದೆ. "ಆರಾಮ್ರೀ, ಬಸ್ ಬಂತು" ಅಂದ್ರು. ಯಾವ ಬಸ್ಸೂ ಬಂದಿರಲಿಲ್ಲ. ಆಮೇಲೆ ತಡೀಲಾರದೆ ಅಂದ್ರು, "ನಿಮ್ಮ ತಂಗಿ ದಿನಾ ಆ ಸೀರೆ ತೆಗೀತಾಳೆ, ಮಡಚ್ತಾಳೆ. ನಾನೇನೂ ಹೇಳಂಗಿಲ್ಲ."

ದಿನಾ ತೆಗೆದು ಮಡಚೋಳು ಒಂದು ದಿನ ಬಸ್ ಹತ್ತಬೇಕು.

ಲಗ್ನಪತ್ರಿಕೆ ಇದರ ಜೊತೆ ಐತೆ. ಅದರಾಗೆ ಉಡಿಕೆ ಅಂತ ಹಾಕಿಸಿಲ್ಲ, ಮದುವೆ ಅಂತ ಹಾಕಿಸೀನಿ. ಸುಖಾಗಮನ ಬಯಸುವವರು ಅನ್ನೋ ಕಡೆ ನಿಮ್ಮಿಬ್ಬರ ಹೆಸರೂ ಐತೆ. ಕೇಳದೇ ಹಾಕಿಸೀನಿ.

ಸಾವಂತ್ರಮ್ಮ


ಹೊನ್ನಾಳಿ
3 ಫೆಬ್ರವರಿ 2025

ಪ್ರೇಮಾ,

ಸೀರೆ ಬಂತು. ನಿನ್ನೆ ಸಂಜೆ ಬಸ್ಸಿನ ಕಂಡಕ್ಟರ್ ದೊಡ್ಡಣ್ಣ ಒಂದು ಅಕ್ಕಿ ಚೀಲ ಕೈಗಿಟ್ಟು "ಜಗಳೂರಿಂದ ಅಮ್ಮೋರು ಕೊಟ್ರು" ಅಂದ. "ಅಮ್ಮೋರು ಎಲ್ಲಿ?" ಅಂದೆ. ಬಸ್ಸಿನೊಳಗೂ ಬಗ್ಗಿ ನೋಡಿದೆ. ಅವನು ನಕ್ಕ. ಚೀಲದಾಗೆ ಒಂದು ಸಾಲು ಕಾಗದ ಇರಲಿಲ್ಲ.

ಬಿಚ್ಚಿದ ತಕ್ಷಣ ಗೊತ್ತಾತು. ಗಂಜಲ ಚಿಮುಕಿಸೀಯ. ಇಲ್ಲಿಂದ ಒಯ್ದಾಗಲೇ ಮಾಡಿರಬೇಕು, ಗಂಡ ಸತ್ತೋಳ ಮನೇಲಿತ್ತು ಅಂತ ಶುದ್ಧ ಮಾಡಾಕೆ. ಮಾಡಿ ಹಂಗೇ ಮಡಚಿಟ್ಟೀಯ. ಮಲ್ಲು ಹಳದಿ ತಿರುಗೈತೆ. ಆನೆಗಳ ಕೆಂಪು ದಾರ ಬಣ್ಣ ಬಿಟ್ಟು ಕಾಲ ಕೆಳಗೆ ಇಳಿದೈತೆ, ಅಂಗೈಯಗಲ ಮೂರು ಕಡೆ. ತೊಂಬತ್ತು ವರ್ಷ ಇಲಿ ಮುಟ್ಟದ್ದನ್ನ, ಹುಳ ಮುಟ್ಟದ್ದನ್ನ ನಿನ್ನ ಮಡಿ ತಿಂತು. ಇದನ್ನೇ ದಿನಾ ತೆಗೆದು ನೋಡ್ತಿದ್ದೆಯಾ? ಇದಕ್ಕೇ ಕೊಡಾಕೆ ಆಗದೆ ಧಾರೆ, ಉಡಿಕೆ, ಚನ್ನಗಿರಿ ಅಂತ ಕುಣೀತಿದ್ದೆಯಾ? ಒಂದು ಮಾತು ಹೇಳಿದ್ರೆ ಏನಾಗ್ತಿತ್ತು? ಬೈತಿದ್ದೆ. ಹೌದು, ಬೈತಿದ್ದೆ. ನಿನ್ನನ್ನ ಬೈಯಾಕೆ ನನ್ನ ಬಿಟ್ರೆ ಇನ್ಯಾರು ಉಳಿದಾರೆ?

ಪವಿತ್ರ ಲ್ಯಾಬಿನಾಗೆ ಕಲೆ ನೋಡೋ ತರ ಬೆಳಕಿಗೆ ಹಿಡಿದು ನೋಡಿದ್ಲು. "ಇರಲಿ ಬಿಡಜ್ಜಿ, ನೆರಿಗೆ ಒಳಗೆ ಹೋಗ್ತೈತೆ, ಕಾಣಲ್ಲ" ಅಂದ್ಲು. ನಾನು ಒಳಗೆ ಹಾಕಾಕೆ ಬಿಡಲ್ಲ. ಅದು ಹೊರಗೇ ಬರಬೇಕು. ಯಾರಾದ್ರೂ ಕೇಳಿದ್ರೆ, ನಮ್ಮ ಮನೆಯೋರೇ ಮಾಡಿದ ಕಲೆ ಅಂತೀನಿ.

ಕಲೆಗೆ ಇಷ್ಟು ಸಿಟ್ಟಿಲ್ಲ. ನಾನು ಸೀರೆ ಒಂದನ್ನೇ ಕೇಳಿರಲಿಲ್ಲ. ಅಜ್ಜಮ್ಮಂಗೂ ಸೀರೆ ಬಂದಿತ್ತು, ಜನ ಬಂದಿರಲಿಲ್ಲ. ಮುತ್ತೈದೇರು ಬಾಗಿಲು ಹಾಕ್ಕೊಂಡು ಒಳಗಿದ್ರು, ಬಟ್ಟೆ ಮಾತ್ರ ಹೊರಗೆ ಬಂದು ಬಿತ್ತು. ನೀನು ಜಗಳೂರಿನಾಗೆ ಬಾಗಿಲು ಹಾಕ್ಕೊಂಡು ಸೀರೆ ಹೊರಗೆ ಎಸೆದೀಯ. ಉಡಿಕೆ ಅಂದ್ರೆ ಇದೇ ಕಣೇ. ನೀನು ಬರದಿದ್ರೆ ಅವಳು ಹಸೆ ಮೇಲೆ ಕೂತ್ರೂ ಉಡಿಕೆಯೇ.

ಅದಕ್ಕೆ ಕೇಳು. ಪವಿತ್ರನ ಮದುವೆ ಹದಿನಾರಕ್ಕೆ. ನೀನು ಬಂದು ಉಡಿಸಿದ್ರೆ ಸೈ. ಬರದಿದ್ರೆ ನಾನು ಉಡಿಸ್ತೀನಿ. ಅಡಿಗೆಮನೆ ಬಾಗಿಲಾಗೆ ನಿಂತ್ಕಂಡಲ್ಲ, ಪಡಸಾಲೆಯಾಗೆ, ಬಾಗಿಲು ತೆಗೆದಿಟ್ಟು. ನಿನ್ನೆಯಿಂದ ನನ್ನ ಹಳೇ ಸೀರೆ ಮೇಲೆ ನೆರಿಗೆ ಹಿಡಿದು ನೋಡ್ತಿದೀನಿ. ಕೈ ಮರೆತಿಲ್ಲ. ಸೊಸೆ ಅನ್ನಪೂರ್ಣ ನೋಡಿ ಬೆಚ್ಚಿಬಿದ್ಲು, "ಅತ್ತೇ, ಜನ ಏನಂತಾರೆ?" ಅಂದ್ಲು. ಅಂತಾರೆ. ಅಂದ ಮೇಲೆ ಊಟಕ್ಕೆ ಕೂರ್ತಾರೆ.

ಮದುವೆ ಆದ ಮೇಲೆ ಸೀರೆ ಪವಿತ್ರನ ಹತ್ರ ನ್ಯಾಮತಿಯಾಗೆ ಇರ್ತೈತೆ. ವೈಶಾಖಕ್ಕೆ ರಮ್ಯಂಗೆ ಬೇಕು ಅಂದ್ರೆ ನೀನು ನ್ಯಾಮತಿಗೆ ಹೋಗಿ, ಅವಳ ಹೊಸಲು ದಾಟಿ, ಅವಳ ಕೈಯಿಂದ ಈಸ್ಕೊಬೇಕು. ಕೊಡ್ತೀಯೇನೇ ಅಂತ ಕೇಳಿದೆ. "ಕೊಡದೆ ಏನು, ರಮ್ಯ ನನ್ನ ತಂಗಿ ಅಲ್ವಾ?" ಅಂದ್ಲು. ಆ ಗುಣ ಅವಳಿಗೆ ನನ್ನಿಂದ ಬಂದಿದ್ದಲ್ಲ, ನಿನ್ನಿಂದಂತೂ ಅಲ್ಲ.

ಬರ್ತೀಯೋ ಇಲ್ಲವೋ. ಹೌದು ಅಂದ್ರೆ ಹೌದು ಅಂತ ಬರಿ, ಇಲ್ಲ ಅಂದ್ರೆ ಇಲ್ಲ ಅಂತ ಬರಿ. ಕ್ಷೇಮ ಸಮಾಚಾರ ಬೇಡ. ಫೆಬ್ರವರಿ ಹತ್ತನೇ ತಾರೀಕು ಸೋಮವಾರದ ಒಳಗೆ ಉತ್ತರ ನನ್ನ ಕೈಯಾಗೆ ಇರಬೇಕು.

ಸಾವಂತ್ರಮ್ಮ